ದಿನಾ ನೀರು ಕೇಳುವ ರೇಡಿಯೇಟರ್: ಸೋರಿಕೆ ಹುಡುಕುವುದು, ಸರಿಪಡಿಸುವುದು



ನಮ್ಮಲ್ಲಿ ಹೆಚ್ಚಿನವರ ಅಡುಗೆಮನೆ ಒಂದು ಕಡೆ, ಕಾರ್ಯಕ್ರಮದ ಹಾಲ್ ಇನ್ನೊಂದು ಕಡೆ. ತುರ್ಭೆಯಲ್ಲಿ ಬೇಯಿಸಿದ ಸಾಂಬಾರ್ ಮಹಾಪೆಯ ಏರು ಹತ್ತಿ, ಶೀಳ್‌ಫಾಟಾದ ಜಾಮ್‌ನಲ್ಲಿ ನಿಂತು, ಕಾಟಯಿ ನಾಕಾ ದಾಟಿ ಡೊಂಬಿವಲಿ ಸೇರಬೇಕು. ತುಂಬಿದ ಪಾತ್ರೆಗಳ ಭಾರದೊಂದಿಗೆ ಏರು ಹತ್ತಿದ ಗಾಡಿ ಕೂಡಲೇ ಜಾಮ್‌ನಲ್ಲಿ ನಿಂತರೆ ರೇಡಿಯೇಟರಿಗೆ ಎದುರುಗಾಳಿಯೂ ಸಿಗುವುದಿಲ್ಲ. ಅಡಗಿದ್ದ ಸೋರಿಕೆ ಹೊರಬೀಳುವುದು ಇಂಥಲ್ಲೇ.

ಒಮ್ಮೆ ಮದುವೆಯ ದಿನ ನನ್ನ ಗಾಡಿಯೂ ಶೀಳ್‌ಫಾಟಾದ ಹತ್ತಿರ ಹೊಗೆಯಾಡುತ್ತಾ ನಿಂತಿತು. ಊಟಕ್ಕೆ ಒಂದೂವರೆ ಗಂಟೆ ಉಳಿದಿತ್ತು. ಡ್ರೈವರ್‌ನನ್ನು ಕೇಳಿದರೆ, "ಅಣ್ಣಾ, ಹದಿನೈದು ದಿನದಿಂದ ದಿನಾ ಎರಡು ಬಾಟಲಿ ನೀರು ಹಾಕ್ತಾ ಇದ್ದೇನೆ" ಎಂದ. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಡಿಗೆ ಟೆಂಪೋಗೆ ಪಾತ್ರೆಗಳನ್ನು ದಾಟಿಸಿ, ಹಾಲ್‌ನಲ್ಲಿ ಎಲ್ಲವನ್ನೂ ಮತ್ತೆ ಕುದಿಸಿ ಬಡಿಸುವಾಗ ಪಂಕ್ತಿ ಮುಕ್ಕಾಲು ಗಂಟೆ ತಡವಾಗಿತ್ತು. ಅಂದು ಕಲಿತ ಪಾಠವೇ ಈ ಲೇಖನ: ರೇಡಿಯೇಟರ್ ನೀರು ಕುಡಿಯುವುದಿಲ್ಲ. ದಿನಾ ನೀರು ಕಡಿಮೆಯಾಗುತ್ತಿದ್ದರೆ ಅದು ಎಲ್ಲಿಯೋ ಹೋಗುತ್ತಿದೆ ಎಂದೇ ಅರ್ಥ. ಎಲ್ಲಿ ಎಂದು ಗೊತ್ತಾಗುವವರೆಗೆ ಆ ಗಾಡಿಗೆ ಊಟ ತುಂಬಬಾರದು.

ಕುಕ್ಕರಿನ ಲೆಕ್ಕ

ಇದನ್ನು ತಿಳಿಯಲು ನಮಗೆ ಮೆಕ್ಯಾನಿಕ್ ಬೇಡ, ಪ್ರೆಶರ್ ಕುಕ್ಕರ್ ಸಾಕು. ಕುಕ್ಕರಿನಂತೆಯೇ ರೇಡಿಯೇಟರ್ ಕೂಡ ಮುಚ್ಚಳ ಬಿಗಿದ ಪಾತ್ರೆ. ಒಳಗಿನ ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ ಒಂದು ಕಿಲೋದ ಆಸುಪಾಸು. ಈ ಒತ್ತಡದಿಂದಾಗಿ ನೀರು 100 ಡಿಗ್ರಿಯ ಬದಲು 118-120 ಡಿಗ್ರಿಯಲ್ಲಿ ಕುದಿಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಬೇಳೆ ಬೇಯುವುದಿಲ್ಲ. ರೇಡಿಯೇಟರ್ ಮುಚ್ಚಳದ ರಬ್ಬರ್ ಹೋದರೆ ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಬಿಸಿ ಕುಕ್ಕರಿನ ಮುಚ್ಚಳ ತೆಗೆಯಬಾರದೆಂಬ ನಿಯಮ ಇಲ್ಲಿಯೂ ಅಷ್ಟೇ ಕಟ್ಟುನಿಟ್ಟು. ಅವಸರದಲ್ಲಿ ತೆಗೆದರೆ ಮುಖ, ಕೈ ಬೇಯುತ್ತದೆ.

ಸೋರಿಕೆ ಹುಡುಕುವ ಕ್ರಮ

1. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಿಳಿ ಪ್ಲಾಸ್ಟಿಕ್ ಟ್ಯಾಂಕಿನ ಮಟ್ಟ ನೋಡಿ ಪೆನ್ನಿನಿಂದ ಗುರುತು ಹಾಕಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ಓಮ್ನಿ, ಈಕೋದಂಥ ಗಾಡಿಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ.

2. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆಯೋ ಅದರ ಮೇಲ್ಗಡೆ ಹುಡುಕಲು ಶುರುಮಾಡಿ. ಏ.ಸಿ.ಯ ನೀರಿಗೆ ಬಣ್ಣವಿಲ್ಲ, ಅಂಟಿಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಕೂಲೆಂಟ್‌ಗೆ ಹಸಿರು, ಕೆಂಪು ಅಥವಾ ನೀಲಿ ಬಣ್ಣವಿರುತ್ತದೆ, ಬೆರಳಿಗೆ ಅಂಟುತ್ತದೆ.

3. ಹೋಸ್ ಪೈಪಿನ ತುದಿಗಳು, ಕ್ಲಾಂಪ್‌ಗಳು, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಕೂಡುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಇವನ್ನು ಟಾರ್ಚ್ ಹಾಕಿ ನೋಡಿ. ಒಣಗಿದ ಬಿಳಿ ಅಥವಾ ಹಸಿರು ಕಲೆಯಿದ್ದರೆ ಸೋರಿಕೆ ಅಲ್ಲಿಯೇ.

4. ಹೊರಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ತಣ್ಣಗಿನ ರೇಡಿಯೇಟರಿನ ಬಾಯಿಗೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡುತ್ತಾರೆ. ಮುಳ್ಳು ಇಳಿದೂ ಹೊರಗೆ ಹನಿ ಕಾಣದಿದ್ದರೆ ನೀರು ಎಂಜಿನ್ನಿನೊಳಗೆ ಹೋಗುತ್ತಿರುವ ಸಂಶಯ. ಸೈಲೆನ್ಸರಿನಿಂದ ಬಿಡದೆ ಬರುವ ಬಿಳಿ ಹೊಗೆ, ಚಹಾದ ಬಣ್ಣಕ್ಕೆ ತಿರುಗಿದ ಆಯಿಲ್ ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಆಗ ಗಾಡಿ ಓಡಿಸದೆ ಎಳೆಸಿಕೊಂಡು ಹೋಗುವುದೇ ಲಾಭ.

ರಿಪೇರಿ

ಮುಚ್ಚಳ, ಹೋಸ್, ಕ್ಲಾಂಪ್ ಬದಲಾಯಿಸುವುದು ಸಣ್ಣ ಖರ್ಚು. ಮುಚ್ಚಳ ಮಾತ್ರ ಅದೇ ಒತ್ತಡದ್ದಾಗಿರಲಿ. ಹಳೆಯ ಹಿತ್ತಾಳೆ-ತಾಮ್ರದ ರೇಡಿಯೇಟರಿಗೆ ಬೆಸುಗೆ ಹಾಕಬಹುದು. ಹಾಕಿದ ಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು ಗುಳ್ಳೆ ಬರುವುದಿಲ್ಲವೆಂದು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ಈಗಿನವು ಹೆಚ್ಚಾಗಿ ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯೂಮಿನಿಯಂ ರೇಡಿಯೇಟರುಗಳು. ಇವುಗಳ ಟ್ಯಾಂಕ್ ಬಿರುಕು ಬಿಟ್ಟರೆ ಅಂಟು ನಿಲ್ಲುವುದಿಲ್ಲ, ಟ್ಯಾಂಕ್ ಅಥವಾ ಇಡೀ ರೇಡಿಯೇಟರ್ ಬದಲಾಯಿಸಬೇಕು. ವಾಟರ್ ಪಂಪಿನ ತೂತಿನಿಂದ ಹನಿಯುತ್ತಿದ್ದರೆ ಸೀಲ್ ಹೋಗಿದೆ; ಆ ತೂತು ಮುಚ್ಚಿಸುವುದು ಪರಿಹಾರವಲ್ಲ, ಪಂಪ್ ಬದಲಾಯಿಸಿ.

ರಸ್ತೆಯಲ್ಲಿ ಒಂದು ಮುಷ್ಟಿ ಅರಿಶಿನ ಪುಡಿ ಹಾಕುವ ಉಪಾಯ ಎಲ್ಲ ಡ್ರೈವರುಗಳಿಗೂ ಗೊತ್ತು, ನಮ್ಮ ಗಾಡಿಯಲ್ಲಿ ಅರಿಶಿನಕ್ಕೂ ಬರವಿಲ್ಲ. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುವುದು ನಿಜ. ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಕಟ್ಟುತ್ತದೆ. ಗ್ಯಾರೇಜ್ ತಲುಪುವ ತನಕ ಅದು ಸರಿ. ತಲುಪಿದ ಮೇಲೆ ತೊಳೆಸಲೇಬೇಕು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೂ ಖಾಯಂ ಆಗಿ ಹಾಕಬೇಡಿ. ಇಡ್ಲಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣ ಅಲ್ಲಿಯೂ ಕಟ್ಟುತ್ತದೆ. ಕಂಪನಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಹೇಳಿದ ಪ್ರಮಾಣದಲ್ಲಿ ಬೆರೆಸಿ.

ನಾವು ಮರೆಯಬಾರದ ಎಚ್ಚರಿಕೆ

ಕೂಲೆಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಇಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಶರಬತ್ತಿನ ಬಣ್ಣದ ಈ ದ್ರವವನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿಸಿ ಪಾತ್ರೆಗಳ ಪಕ್ಕ ಇಟ್ಟರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಅದು ತನ್ನದೇ ಡಬ್ಬದಲ್ಲಿ, ಡ್ರೈವರ್ ಬದಿಯಲ್ಲಿ, ಬೀಗದೊಳಗಿರಲಿ. ಅಡುಗೆಯ ಸೌಟು, ಚೊಂಬು, ಬಕೆಟ್ ಯಾವುದೂ ರೇಡಿಯೇಟರಿನ ಹತ್ತಿರ ಹೋಗಬಾರದು.

ದಾರಿಯಲ್ಲಿ ಮುಳ್ಳು ಏರಿದರೆ ಏ.ಸಿ. ನಿಲ್ಲಿಸಿ, ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯಬಹುದು. ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬೇಡಿ. ಮೊದಲ ಫೋನ್ ಇನ್ನೊಂದು ಗಾಡಿಗೆ, ಎರಡನೆಯದು ಮೆಕ್ಯಾನಿಕ್‌ಗೆ. ಬೇಯಿಸಿದ ಆಹಾರವನ್ನು 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿಡಬೇಕು, ಹೊರಗಿನ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಿಪೇರಿ ಕಾಯಬಹುದು, ಊಟ ಕಾಯುವುದಿಲ್ಲ.

ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯ ಸದಸ್ಯರು ತಮ್ಮ ತಮ್ಮ ವಿಭಾಗದಲ್ಲಿ ತುರ್ತಿಗೆ ಗಾಡಿ ಕೊಡಬಲ್ಲ ನಾಲ್ಕು ಮಂದಿಯ ನಂಬರನ್ನು ಬರೆದು ಡ್ರೈವರ್‌ನ ಕೈಗೆ ಕೊಟ್ಟಿರಲಿ. ಮುಂದಿನ ಮುಹೂರ್ತಗಳು ಶುರುವಾಗುವ ಮೊದಲು ಅವನನ್ನು ಒಂದು ಮಾತು ಕೇಳಿ: "ತಮ್ಮಾ, ರೇಡಿಯೇಟರಿಗೆ ನೀರು ಹಾಕಿದ್ದು ಯಾವಾಗ?" "ಇವತ್ತು ಬೆಳಿಗ್ಗೆ" ಎಂದರೆ ಗಾಡಿ ಇವತ್ತೇ ಗ್ಯಾರೇಜಿಗೆ ಹೋಗಲಿ.