ತುಂಬು ಅಲಂಕಾರದ ಮನೆ ಮತ್ತು ತೆರಿಗೆಯ ಲೆಕ್ಕ

ಸಾಮಾನು ಕಡಮೆಯಿದ್ದಷ್ಟೂ ಮನೆಗೆ ಶೋಭೆ ಎಂಬ ಅಭಿರುಚಿಗೆ ಪ್ರತಿಯಾಗಿ, ಗಾಢ ವರ್ಣದ ಗೋಡೆ, ಕೆತ್ತನೆಯ ಪೀಠೋಪಕರಣ, ಚಿತ್ತಾರದ ಜಮಖಾನ ಹಾಗೂ ಕಲಾಕೃತಿಗಳಿಂದ ಮನೆಯನ್ನು ತುಂಬುವ ‘ಮ್ಯಾಕ್ಸಿಮಲಿಸ್ಟ್’ ಒಳಾಲಂಕಾರವನ್ನು ಇಂದು ಅನೇಕರು ಮೆಚ್ಚುತ್ತಿದ್ದಾರೆ. ಇದು ನಮಗೆ ಹೊಸತಲ್ಲ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ನವಿಲಿನ ಚಿತ್ರಗಳ ಬಣ್ಣದ ಗಾಜಿನ ಛಾವಣಿಯಿಂದ ಚಿತ್ತಾರದ ನೆಲದವರೆಗೆ ಬರಿದಾದ ಸ್ಥಳ ಕಾಣುವುದೇ ಅಪರೂಪ.

ಅಲಂಕಾರ ಅವರವರ ಅಭಿರುಚಿಗೆ ಸೇರಿದ್ದು. ಆದರೆ ಹತ್ತಾರು ಲಕ್ಷ ರೂಪಾಯಿಗಳ ಈ ವೆಚ್ಚವನ್ನು ‘ಇಂಟೀರಿಯರ್’ ಎಂಬ ಒಂದೇ ಶೀರ್ಷಿಕೆಯಡಿ ಬರೆದಿಡುವುದು ತಪ್ಪು. ಆದಾಯ ತೆರಿಗೆಯ ದೃಷ್ಟಿಯಲ್ಲಿ ಇದು ಮೂರು ಬಗೆಯ ವೆಚ್ಚ. 1961ರ ಕಾಯ್ದೆಯಲ್ಲಿದ್ದ ಈ ವಿಂಗಡಣೆ 2025ರ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ.

1. ಕಟ್ಟಡಕ್ಕೆ ಸೇರಿದ ಕೆಲಸ: ಹೊಸ ನೆಲಹಾಸು, ಬಣ್ಣದ ಗಾಜಿನ ಕಿಟಕಿ, ಗೋಡೆಗೆ ಕೂಡಿಸಿದ ಶಾಶ್ವತ ಮರಗೆಲಸ ಮುಂತಾದವು ಸುಧಾರಣಾ ವೆಚ್ಚವೆನಿಸುತ್ತವೆ. ಮನೆ ಮಾರಿದಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಇದನ್ನು ಕಳೆಯಬಹುದು. ವಾಡಿಕೆಯ ಸುಣ್ಣಬಣ್ಣ, ದುರಸ್ತಿಗಳಿಗೆ ಈ ಸೌಲಭ್ಯವಿಲ್ಲ.

2. ಸ್ವಂತ ಬಳಕೆಯ ಚರವಸ್ತು: ಸೋಫಾ, ಮಂಚ, ಪರದೆ, ಜಮಖಾನಗಳು ಬಂಡವಾಳ ಆಸ್ತಿಯಲ್ಲ. ಇವುಗಳನ್ನು ಮಾರಿ ಲಾಭ ಬಂದರೆ ತೆರಿಗೆಯಿಲ್ಲ. ನಷ್ಟವಾದರೆ ಅದನ್ನು ಕಳೆಯಲೂ ಆಗದು.

3. ಕಲಾಕೃತಿ: ವರ್ಣಚಿತ್ರ, ಶಿಲ್ಪ ಮತ್ತಿತರ ಕಲಾಕೃತಿಗಳನ್ನು 2007ರ ಹಣಕಾಸು ಕಾಯ್ದೆಯು ಸ್ವಂತ ಬಳಕೆಯ ವಸ್ತುಗಳ ಪಟ್ಟಿಯಿಂದ ಹೊರಗಿಟ್ಟಿತು. ಆದ್ದರಿಂದ ಗೋಡೆಯ ಮೇಲಿನ ಮೈಸೂರು ಶೈಲಿಯ ಚಿತ್ರವನ್ನು ಮಾರಿ ಬಂದ ಲಾಭಕ್ಕೆ ತೆರಿಗೆಯುಂಟು.

ಒಂದು ಉದಾಹರಣೆ ನೋಡೋಣ. 80 ಲಕ್ಷ ರೂ.ಗೆ ಕೊಂಡ ಮನೆಗೆ ಮಾಲೀಕರು 16 ಲಕ್ಷ ರೂ. ವೆಚ್ಚ ಮಾಡಿದರೆನ್ನೋಣ: ಕಟ್ಟಡದ ಕೆಲಸಕ್ಕೆ 8 ಲಕ್ಷ, ಪೀಠೋಪಕರಣಕ್ಕೆ 5 ಲಕ್ಷ, ಚಿತ್ರಗಳಿಗೆ 3 ಲಕ್ಷ. ಎರಡು ವರ್ಷಗಳು ಕಳೆದ ಮೇಲೆ ಮನೆ 120 ಲಕ್ಷಕ್ಕೆ ಮಾರಾಟವಾಯಿತು. ಮೊದಲ 8 ಲಕ್ಷಕ್ಕೆ ಬಿಲ್ಲುಗಳಿದ್ದರೆ ಲಾಭ 32 ಲಕ್ಷ; ಇಲ್ಲದಿದ್ದರೆ 40 ಲಕ್ಷ. ಶೇ. 12.5ರ ದರದಲ್ಲಿ ವ್ಯತ್ಯಾಸ 1 ಲಕ್ಷ ರೂ.; ಸೆಸ್ ಬೇರೆ. ಬಿಲ್ಲು ಕಳೆದುಕೊಂಡುದರ ಬೆಲೆ ಇದು.

ವ್ಯಾಪಾರದ ಪುಸ್ತಕಗಳು

ಮನೆಯ ಅಲಂಕಾರವನ್ನು ಅಂಗಡಿಯ ಅಥವಾ ಕಾರ್ಖಾನೆಯ ಖರ್ಚಿಗೆ ಹಾಕುವ ಪ್ರಲೋಭನೆ ಸಹಜ. ಆದರೆ ಸ್ವಂತ ಖರ್ಚು ವ್ಯಾಪಾರದ ವೆಚ್ಚವಾಗದು. ಅದರ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ವ್ಯಾಪಾರದಿಂದ ಹಣ ತೆಗೆದಿದ್ದರೆ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕತಕ್ಕದ್ದು. ಮನೆಯ ಒಂದು ಕೋಣೆ ನಿಜವಾಗಿಯೂ ಕಚೇರಿಯಾಗಿದ್ದಲ್ಲಿ, ಆ ಕೋಣೆಯ ಪೀಠೋಪಕರಣಗಳ ಮೇಲೆ ಮಾತ್ರ ಶೇ. 10ರ ಸವಕಳಿ ಪಡೆಯಬಹುದು. ಹಣದ ಮೂಲ ತೋರಿಸಲಾಗದ ವೆಚ್ಚವನ್ನು ಆದಾಯವೆಂದೇ ಪರಿಗಣಿಸಲಾಗುತ್ತದೆ. ಅದರಿಂದ ಯಾವ ಖರ್ಚನ್ನೂ ನಷ್ಟವನ್ನೂ ಕಳೆಯಲು ಅವಕಾಶವಿಲ್ಲ.

ಹಣ ಪಾವತಿ

ಪೀಠೋಪಕರಣ ಮಾರುವ ಸದಸ್ಯರು ಗಮನಿಸಬೇಕು. ಒಬ್ಬರಿಂದ ಒಂದು ದಿನದಲ್ಲಿ, ಇಲ್ಲವೇ ಒಂದೇ ವ್ಯವಹಾರಕ್ಕಾಗಿ, 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದು 2017ರ ಏಪ್ರಿಲ್ 1ರಿಂದ ನಿಷಿದ್ಧ. ಸ್ವೀಕರಿಸಿದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ, ಕೊಟ್ಟವರಿಗಲ್ಲ. ಒಂದೇ ಬಿಲ್ಲಿನ ಹಣವನ್ನು ಕಂತುಗಳಲ್ಲಿ ಪಡೆದರೂ ವಿನಾಯಿತಿಯಿಲ್ಲ. ಇತ್ತ ಮನೆಯ ಮಾಲೀಕರು ಒಬ್ಬ ಗುತ್ತಿಗೆದಾರರಿಗೆ ವರ್ಷದಲ್ಲಿ 50 ಲಕ್ಷ ರೂ. ಮೀರಿ ಪಾವತಿಸಿದರೆ, ಮನೆಯ ಕೆಲಸವಾದರೂ ಶೇ. 2ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಾಗುತ್ತದೆ.

ಕೆಲಸ ಆರಂಭವಾಗುವ ಮೊದಲೇ ಮೂರು ಕಡತಗಳನ್ನು ತೆರೆದು, ಗುತ್ತಿಗೆದಾರರಿಂದ ಮೂರು ಬಗೆಗೂ ಪ್ರತ್ಯೇಕ ಬಿಲ್ಲು ಪಡೆದು, ಬ್ಯಾಂಕಿನ ಮೂಲಕವೇ ಹಣ ಸಲ್ಲಿಸುವುದು ಕ್ಷೇಮ. ಮನೆಯೊಳಗೆ ಬಣ್ಣಗಳು ಎಷ್ಟು ಬೇಕಾದರೂ ಬೆರೆಯಲಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಮನೆ ಮತ್ತು ಅಂಗಡಿ ಬೆರೆಯದಿರಲಿ.