ಕೀಲಿಮಣೆ ನೋಡದೆ ಬೆರಳಚ್ಚು: ವ್ಯಾಪಾರಿ ಕಚೇರಿಗೊಂದು ಪಾಠ

ವ್ಯಾಪಾರಸ್ಥರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಕಚೇರಿಗಳಲ್ಲಿ ಗಣಕಯಂತ್ರವಿಲ್ಲದ ಮೇಜು ಇಂದು ಅಪರೂಪ. ಆ ಯಂತ್ರದ ಮುಂದೆ ಕುಳಿತವರಲ್ಲಿ ಬೆರಳಚ್ಚನ್ನು ಕ್ರಮವಾಗಿ ಕಲಿತವರು ಅದಕ್ಕಿಂತಲೂ ಅಪರೂಪ. ಲೆಕ್ಕಪತ್ರದ ತಂತ್ರಾಂಶಕ್ಕೆ ಸಾವಿರಾರು ರೂಪಾಯಿ ವೆಚ್ಚ ಮಾಡುವ ನಾವು, ಅದರೊಳಗೆ ಅಂಕಿಗಳನ್ನು ತುಂಬುವ ಬೆರಳುಗಳ ತರಬೇತಿಗೆ ಒಂದು ಗಂಟೆಯನ್ನೂ ಮೀಸಲಿಡುವುದಿಲ್ಲ. ಇದರ ಬೆಲೆ ಏನೆಂಬುದನ್ನು ನಾನು ತಿಳಿದದ್ದು ನನ್ನ ಕಚೇರಿಯಲ್ಲಿಯೇ ಆದ ಒಂದು ತಪ್ಪಿನಿಂದ.

2018ರಲ್ಲಿ ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಕಡೆಯ ಒಬ್ಬ ಸಣ್ಣ ತಯಾರಕರು ಕೈಬರಹದ ಬಿಲ್ ಪುಸ್ತಕವನ್ನು ನಮಗೆ ಕಳುಹಿಸುತ್ತಿದ್ದರು. ನಮೂದಿಸುವ ಕೆಲಸ ನಮ್ಮದು. ರೂ. 54,360ರ ಒಂದು ಬಿಲ್ಲನ್ನು ನಮ್ಮ ಸಹಾಯಕರು 45,360 ಎಂದು ನಮೂದಿಸಿದರು. ಶೇ. 18ರಂತೆ ತೆರಿಗೆಯಲ್ಲಿ ಬಿದ್ದ ವ್ಯತ್ಯಾಸ ಕೇವಲ ರೂ. 1,620. ಆದರೆ ಖರೀದಿದಾರ ಸಂಸ್ಥೆಯವರು ತಮ್ಮ ಪುಸ್ತಕಕ್ಕೂ ಪೋರ್ಟಲ್ಲಿಗೂ ತಾಳೆಯಾಗಲಿಲ್ಲವೆಂದು ತೆರಿಗೆ ಸೇರಿ ರೂ. 64,144.80ರ ಪೂರ್ತಿ ಮೊತ್ತವನ್ನೇ ತಡೆಹಿಡಿದರು. ನಮ್ಮ ಕಕ್ಷಿದಾರರು ತ್ರೈಮಾಸಿಕ ವಿವರಪಟ್ಟಿ ಸಲ್ಲಿಸುವವರಾದ್ದರಿಂದ ತಿದ್ದುಪಡಿಗೆ ಮುಂದಿನ ತ್ರೈಮಾಸಿಕದವರೆಗೆ ಕಾಯಬೇಕಾಯಿತು. ಆ ಅವಧಿಯಲ್ಲಿ ಅವರು ಕೆಲಸಗಾರರ ಸಂಬಳಕ್ಕೆ ಕೈಸಾಲ ಮಾಡಿದರು. ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಸಹಾಯಕರು ಅಜಾಗರೂಕರಲ್ಲ, ನಿಧಾನಿಯೂ ಅಲ್ಲ. ಎರಡೇ ಬೆರಳುಗಳಲ್ಲಿ ಬಲು ಚುರುಕಾಗಿ ಟೈಪ್ ಮಾಡುತ್ತಿದ್ದರು. ತೊಡಕು ಇದ್ದುದು ಕಣ್ಣಿನಲ್ಲಿ. ಬಿಲ್ಲಿನಿಂದ ಕೀಲಿಮಣೆಗೆ, ಕೀಲಿಮಣೆಯಿಂದ ಪರದೆಗೆ, ಮತ್ತೆ ಬಿಲ್ಲಿಗೆ ದೃಷ್ಟಿ ಓಡಾಡುವಾಗ ಅಂಕಿಯನ್ನು ನೆನಪಿನಲ್ಲಿ ಹೊತ್ತು ಸಾಗಿಸಬೇಕಾಗುತ್ತದೆ. ಹೀಗೆ ಸಾಗಿಸುವಾಗಲೇ 54 ಎಂಬುದು 45 ಆಗುತ್ತದೆ. ಲೆಕ್ಕಿಗರಿಗೆ ಹಳೆಯ ಸೂತ್ರವೊಂದು ತಿಳಿದಿದೆ: ತಾಳೆಯಾಗದ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಸ್ಥಾನಪಲ್ಲಟವಾಗಿರಬಹುದೆಂದು ಶಂಕಿಸಬೇಕು. ಮೇಲಿನ 9,000 ಅಂಥದ್ದೇ. ಈ ಸೂತ್ರ ತಪ್ಪನ್ನು ಹುಡುಕಿಕೊಡುತ್ತದೆ, ತಡೆಯುವುದಿಲ್ಲ. ತಡೆಯಬೇಕಾದರೆ ಕಣ್ಣು ಬಿಲ್ಲಿನ ಮೇಲೆಯೇ ನಿಂತಿರಬೇಕು.

ಇದು ಹೊಸ ಮಾತಲ್ಲ. 1888ರ ಜುಲೈ 25ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಫ್ರಾಂಕ್ ಮೆಕ್‌ಗರಿನ್ ಎಂಬವರು ಕೀಲಿಗಳನ್ನು ನೋಡದೆಯೇ ಟೈಪ್ ಮಾಡಿ ಎದುರಾಳಿ ಲೂಯಿ ಟ್ರಾಬ್ ಅವರನ್ನು ಸೋಲಿಸಿದರು. ಆ ಪದ್ಧತಿ ಹೆಸರಾದದ್ದು ಅಲ್ಲಿಂದ. ನಾನು ಬಿ.ಕಾಂ. ವಿದ್ಯಾರ್ಥಿಯಾಗಿದ್ದಾಗ ಜಯನಗರದ ಒಂದು ಕಮರ್ಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಮುಂಜಾನೆಯ ತಂಡಕ್ಕೆ ಸೇರಿ ಜೂನಿಯರ್ ಪರೀಕ್ಷೆಗೆ ಕಲಿತೆ. ನಮ್ಮ ಮೇಷ್ಟ್ರು ಕೀಲಿಮಣೆಯತ್ತ ಇಣುಕಿದವರ ಕೈಗಳ ಮೇಲೆ ಒಂದು ಕರವಸ್ತ್ರ ಹೊದಿಸಿ ಹೋಗುತ್ತಿದ್ದರು. ಆ ಯಂತ್ರಗಳಲ್ಲಿ ಒಂದಕ್ಷರ ತಪ್ಪಿದರೆ ಮೂಲ ಪ್ರತಿಯ ಜೊತೆಗೆ ಕಾರ್ಬನ್ ಪ್ರತಿಗಳನ್ನೂ ಉಜ್ಜಿ ತಿದ್ದಬೇಕಿತ್ತು. ಆದ್ದರಿಂದ ನಿಖರತೆ ತಾನಾಗಿಯೇ ಬರುತ್ತಿತ್ತು. ಗಣಕದ ಬ್ಯಾಕ್‌ಸ್ಪೇಸ್ ಕೀಲಿ ನಮ್ಮ ಬೆರಳುಗಳನ್ನು ಕೆಡಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಅಭ್ಯಾಸ ಕ್ರಮಕ್ಕೆ ಬರೋಣ. ಕೀಲಿಮಣೆಯ ಮಧ್ಯದ ಸಾಲೇ ಬೆರಳುಗಳ ಮನೆ. ಎಡಗೈಯ ಕಿರುಬೆರಳಿನಿಂದ ತೋರುಬೆರಳಿನವರೆಗೆ ಎ, ಎಸ್, ಡಿ, ಎಫ್. ಬಲಗೈಯ ತೋರುಬೆರಳಿನಿಂದ ಕಿರುಬೆರಳಿನವರೆಗೆ ಜೆ, ಕೆ, ಎಲ್ ಮತ್ತು ಅರ್ಧವಿರಾಮ ಚಿಹ್ನೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಪುಟ್ಟ ಉಬ್ಬು ಇರುವುದು ನೋಡದೆ ಮನೆ ಸೇರಲೆಂದೇ. ಬೇರೆ ಸಾಲಿಗೆ ಹೋದ ಬೆರಳು ಕೂಡಲೇ ಹಿಂದಿರುಗಬೇಕು. ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನ ತಪ್ಪಬಾರದು. ಆರಂಭದ ಕೆಲವು ವಾರ ವೇಗ ಹಿಂದಿಗಿಂತ ಕಡಿಮೆಯಾಗುತ್ತದೆ. ಬಹುತೇಕರು ಕೈಬಿಡುವುದು ಈ ಹಂತದಲ್ಲಿ. ಮಾಲೀಕರು ಇದನ್ನರಿತು, ವಿವರಪಟ್ಟಿಯ ಗಡುವು ಮುಗಿದ ಮೇಲೆ, ಅಂದರೆ ತಿಂಗಳ 20ರ ನಂತರ, ತರಬೇತಿ ಪ್ರಾರಂಭಿಸುವುದು ಲೇಸು.

ವ್ಯಾಪಾರಿ ಕಚೇರಿಗೆ ಅಕ್ಷರಗಳಿಗಿಂತಲೂ ಮುಖ್ಯವಾದದ್ದು ಬಲಬದಿಯ ಅಂಕಿಫಲಕ. ಇಲ್ಲಿ ಮನೆ 4, 5, 6. ತೋರುಬೆರಳಿಗೆ 7, 4, 1, ಮಧ್ಯದ ಬೆರಳಿಗೆ 8, 5, 2, ಉಂಗುರ ಬೆರಳಿಗೆ 9, 6, 3 ಹಾಗೂ ದಶಾಂಶ ಬಿಂದು, ಹೆಬ್ಬೆರಳಿಗೆ ಸೊನ್ನೆ, ಕಿರುಬೆರಳಿಗೆ ಎಂಟರ್. ಉಬ್ಬು ಇರುವುದು 5ರ ಮೇಲೆ. ಮೊಬೈಲಿನಲ್ಲಿ ಬೆಳೆದ ಇಂದಿನ ಯುವಕ ಯುವತಿಯರಿಗೆ ಇಲ್ಲೊಂದು ಎಡವಟ್ಟು ಕಾದಿದೆ. ಮೊಬೈಲಿನಲ್ಲಿ 1, 2, 3 ಮೇಲಿನ ಸಾಲು. ಅಂಕಿಫಲಕದಲ್ಲಿ ಮತ್ತು ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿನ ಸಾಲು. ಹೊಸದಾಗಿ ಸೇರಿದವರು 1ರ ಬದಲು 7 ಒತ್ತುವುದು ಇದೇ ಕಾರಣಕ್ಕೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಫಲಕವೇ ಇರುವುದಿಲ್ಲ. ಪ್ರತ್ಯೇಕವಾದ ಫಲಕ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ, ಕೊಂಡುಕೊಡಿ.

ನಮ್ಮ ಬೆಂಗಳೂರಿನದೇ ಸಂಸ್ಥೆಯ ಟ್ಯಾಲಿ ತಂತ್ರಾಂಶವನ್ನು ಬಳಸುವವರಿಗೆ ಇನ್ನೊಂದು ಅನುಕೂಲವಿದೆ. ಪಾವತಿಗೆ ಎಫ್‌5, ಸ್ವೀಕೃತಿಗೆ ಎಫ್‌6, ಮಾರಾಟಕ್ಕೆ ಎಫ್‌8, ಖರೀದಿಗೆ ಎಫ್‌9 ಎಂದು ಕೀಲಿಗಳಿಂದಲೇ ನಡೆಯುವ ವ್ಯವಸ್ಥೆ ಅದು. ಮೌಸ್ ಹಿಡಿದ ಕೈ ಪ್ರತಿ ಬಾರಿಯೂ ಮನೆ ಬಿಟ್ಟಂತೆಯೇ.

ಅಕ್ಷರ ಮತ್ತು ಅಂಕಿ ಬೆರೆತ ಕಡೆ ಹೆಚ್ಚಿನ ಎಚ್ಚರಿಕೆ ಬೇಕು. 15 ಸ್ಥಾನಗಳ ಜಿಎಸ್‌ಟಿ ನೋಂದಣಿ ಸಂಖ್ಯೆ ಕರ್ನಾಟಕದಲ್ಲಿ 29ರಿಂದ ಪ್ರಾರಂಭವಾಗಿ, ಅನಂತರ ಪ್ಯಾನಿನ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರವೆಂದು ಸಾಗುತ್ತದೆ. ಕೊನೆಯ ಸ್ಥಾನವು ಪರಿಶೀಲನೆಗೆ ಇರುವುದರಿಂದ ಒಂದು ಅಕ್ಷರ ತಪ್ಪಿದರೆ ಸಾಮಾನ್ಯವಾಗಿ ವ್ಯವಸ್ಥೆಯೇ ತಡೆಯುತ್ತದೆ. ಆದರೆ ಬಿಲ್ಲಿನ ಸಂಖ್ಯೆಗಾಗಲೀ ಮೊತ್ತಕ್ಕಾಗಲೀ ಅಂಥ ಕಾವಲು ಇಲ್ಲ. 2022ರ ಜನವರಿ 1ರಿಂದ, ಮಾರಾಟಗಾರರು ಸಲ್ಲಿಸಿ ತಮ್ಮ ಜಿಎಸ್‌ಟಿಆರ್‌-2ಬಿಯಲ್ಲಿ ಕಾಣಿಸಿಕೊಂಡ ಬಿಲ್ಲುಗಳಿಗೆ ಮಾತ್ರ ಖರೀದಿದಾರರು ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು; ಆದ್ದರಿಂದ ಅವರು ಹಣ ತಡೆಹಿಡಿಯುವುದನ್ನು ತಪ್ಪೆನ್ನಲಾಗದು.

ವೇಗದ ಲೆಕ್ಕ ಸುಲಭ. ಜಾಗವೂ ಸೇರಿ ಐದು ಬಡಿತಗಳಿಗೆ ಒಂದು ಪದ. ಹತ್ತು ನಿಮಿಷದಲ್ಲಿ 1,500 ಬಡಿತವಾದರೆ 300 ಪದ, ನಿಮಿಷಕ್ಕೆ 30. ದಿನಕ್ಕೆ 60 ಬಿಲ್ಲು, ಪ್ರತಿಯೊಂದಕ್ಕೂ 150 ಬಡಿತವೆಂದರೆ ಒಟ್ಟು 9,000. ನಿಮಿಷಕ್ಕೆ 100 ಬಡಿತದವರಿಗೆ ಒಂದೂವರೆ ಗಂಟೆ, 200ರವರಿಗೆ ಮುಕ್ಕಾಲು ಗಂಟೆ. ಆದರೆ ಮೊದಲ ದಿನದಿಂದಲೇ ಗಡಿಯಾರ ಹಿಡಿಯಬೇಡಿ. ನೂರು ಬಡಿತಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪು ಬರುತ್ತಿರುವವರೆಗೆ ನಿಧಾನವಾಗಿಯೇ ಸಾಗಲಿ. ಆ ಮಟ್ಟ ದಾಟಿದ ಮೇಲೆ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ತಪ್ಪು ಹೆಚ್ಚಿದಾಗ ಮತ್ತೆ ಇಳಿಸಬೇಕು. ಅಭ್ಯಾಸಕ್ಕೆ ಬೇರೆ ಪುಸ್ತಕ ಬೇಡ. ಹಿಂದಿನ ವರ್ಷದ ಬಿಲ್ಲುಗಳನ್ನು ಪ್ರತ್ಯೇಕ ಕಡತದಲ್ಲಿ ಮತ್ತೆ ನಮೂದಿಸಿ, ಈಗಾಗಲೇ ತಿಳಿದಿರುವ ಮೊತ್ತದೊಡನೆ ತಾಳೆ ನೋಡಿದರೆ ತಪ್ಪು ತಾನೇ ಹೊರಬೀಳುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಬ್ಯಾಕ್‌ಸ್ಪೇಸ್ ಮುಟ್ಟಕೂಡದೆಂಬ ನಿಯಮವನ್ನು ನಮ್ಮ ಕಚೇರಿಯಲ್ಲಿ ಇಟ್ಟುಕೊಂಡಿದ್ದೇವೆ.

ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರು ಇದಕ್ಕಾಗಿ ಬೆರಳುಗಳಿಗೆ ಎರಡನೆಯ ಪಾಠ ಹೇಳಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸದಲ್ಲಿ ಕನ್ನಡದ ಬಹುತೇಕ ಧ್ವನಿಗಳು ಅದಕ್ಕೆ ಹೊಂದುವ ಇಂಗ್ಲಿಷ್ ಕೀಲಿಯಲ್ಲಿಯೇ ಇವೆ. ಒತ್ತಕ್ಷರ ಕೂಡಿಸುವ ಕೀಲಿ ಎಫ್, ಎಂದರೆ ಎಡ ತೋರುಬೆರಳಿನ ಮನೆ.

ಮೇಲೆ ಹೇಳಿದ ಸಹಾಯಕರು ಇಂದಿಗೂ ನಮ್ಮಲ್ಲಿಯೇ ಇದ್ದಾರೆ. ಎರಡು ಬೆರಳಿನ ರೂಢಿ ಬಿಡಲು ಅವರಿಗೆ ಸುಮಾರು ನಾಲ್ಕು ತಿಂಗಳು ಹಿಡಿಯಿತು. ಹೊಸಬರು ಸೇರಿದ ದಿನ ಅವರ ಕೈ ಮೇಲೆ ಹೊದಿಸುವ ಬಟ್ಟೆ ಈಗ ಅವರ ಮೇಜಿನ ಸೆಳೆಖಾನೆಯಲ್ಲಿದೆ.