ಅಂತರಜಾಲದ ಕರೆಯೂ ಅಂಗಡಿಯ ದೂರವಾಣಿಯೂ

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸ್ಥಿರ ದೂರವಾಣಿಗೆ ಹೊರಗಿನಿಂದ ಕರೆ ಮಾಡುವವರು 08198 ಎಂಬ ಸಂಕೇತವನ್ನೂ, ಚಳ್ಳಕೆರೆಯ ಎಣ್ಣೆ ಗಿರಣಿಗೆ ಮಾಡುವವರು 08195 ಅನ್ನೂ ಒತ್ತಬೇಕು. ಹಳೆಯ ಜಾಲದಲ್ಲಿ ಸಂಖ್ಯೆಯೆಂದರೆ ಊರಿಗೆ ಅಂಟಿದ ವಿಳಾಸ. ಅಂತರಜಾಲದ ಕರೆಗೆ ಊರಿನ ಹಂಗಿಲ್ಲ. ಇವೆರಡನ್ನೂ ಬೆಸೆಯುವ ಸಾಧನಕ್ಕೆ ಗೇಟ್‌ವೇ ಎಂದು ಹೆಸರು.

ಹಳೆಯ ಪದ್ಧತಿಯಲ್ಲಿ ಮಾತು ಮುಗಿಯುವವರೆಗೆ ಒಂದು ಮಾರ್ಗ ಆ ಕರೆಗೇ ಮೀಸಲಾಗಿರುತ್ತಿತ್ತು. ಅಂತರಜಾಲದಲ್ಲಾದರೋ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಅಂಕಿಗಳಾಗಿ ಮಾರ್ಪಡಿಸಿ, ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಲ್ಲಿ ಕಳುಹಿಸಲಾಗುತ್ತದೆ. ದೂರವಾಣಿ ಗುಣಮಟ್ಟದ ಧ್ವನಿಗೆ 64 ಕಿಲೋಬಿಟ್ ಬೇಕು; ಪ್ರತಿ ತುಣುಕಿನ ಮೇಲಿನ ವಿಳಾಸಗಳೂ ಸೇರಿ ಒಂದೊಂದು ದಿಕ್ಕಿಗೆ ಸುಮಾರು 80 ಕಿಲೋಬಿಟ್ ಆಗುತ್ತದೆ. ಇಂದಿನ ಸಂಪರ್ಕಗಳಿಗೆ ಇದು ಹೊರೆಯಲ್ಲ. ತೊಂದರೆ ಇರುವುದು ವಿಳಂಬದಲ್ಲಿ: ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡು ಮೀರಿದರೆ ಮಾತಿನ ಮೇಲೆ ಮಾತು ಬೀಳತೊಡಗುತ್ತದೆ.

ಭಾರತದಲ್ಲಿ ಅಂತರಜಾಲ ದೂರವಾಣಿಗೆ 2002ರ ಏಪ್ರಿಲ್ 1ರಂದು ಅನುಮತಿ ದೊರೆಯಿತು. ಆದರೆ ಗಣಕಯಂತ್ರದಿಂದ ವಿದೇಶದ ದೂರವಾಣಿಗೆ ಮಾತನಾಡಬಹುದಿತ್ತೇ ಹೊರತು ಪಕ್ಕದ ಊರಿನ ದೂರವಾಣಿಗೆ ಅಲ್ಲ! 2018ರಲ್ಲಿ ದೂರಸಂಪರ್ಕ ಇಲಾಖೆಯ ಸ್ಪಷ್ಟೀಕರಣದ ಬಳಿಕ ಪರವಾನಗಿ ಪಡೆದ ದೂರವಾಣಿ ಸಂಸ್ಥೆಗಳಿಗೆ ಈ ಬಾಗಿಲು ತೆರೆಯಿತು. ಬಿಎಸ್ಎನ್ಎಲ್ 'ವಿಂಗ್ಸ್' ಸೇವೆ ಪ್ರಕಟಿಸಿದ್ದು ಅದೇ ವರ್ಷ.

ಪರವಾನಗಿಯ ಮಾತು ವರ್ತಕರಿಗೆ ಏಕೆಂದರೆ, ಸಿಮ್ ಬಾಕ್ಸ್ ಎಂಬ ಪೆಟ್ಟಿಗೆಯೂ ಒಂದು ಬಗೆಯ ಗೇಟ್‌ವೇಯೇ. ಅಂತರಜಾಲದಲ್ಲಿ ಬಂದ ವಿದೇಶಿ ಕರೆಯನ್ನು ಅದು ಸ್ಥಳೀಯ ಕರೆಯಂತೆ ತೋರಿಸಿ, ಇಲ್ಲಿಯ ಸಂಸ್ಥೆಗಳಿಗೆ ಸಲ್ಲಬೇಕಾದ ಶುಲ್ಕವನ್ನು ತಪ್ಪಿಸುತ್ತದೆ. ಕರೆಯ ಮೂಲವೂ ಮರೆಯಾಗುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಇಂಥ ಅಕ್ರಮ ವಿನಿಮಯ ಕೇಂದ್ರವೊಂದು ಪತ್ತೆಯಾಯಿತು. ಅನುಮತಿಯಿಲ್ಲದೆ ದೂರಸಂಪರ್ಕ ಸೇವೆ ನಡೆಸಿದರೆ 2023ರ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸೆರೆ, ಎರಡು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. "ಮಳಿಗೆಯ ಮೂಲೆಯಲ್ಲಿ ಪೆಟ್ಟಿಗೆ ಇಡಲು ಜಾಗ ಕೊಡಿ, ತಿಂಗಳ ಬಾಡಿಗೆ ತೆಗೆದುಕೊಳ್ಳಿ" ಎಂದು ಯಾರಾದರೂ ಬಂದರೆ, ಅದರೊಳಗೆ ಏನಿದೆ, ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳತಕ್ಕದ್ದು.

ಕರೆವೆಚ್ಚದ ಉಳಿತಾಯಕ್ಕಾಗಿ ಇದನ್ನು ಬಯಸುವ ಕಾಲ ಮುಗಿದಿದೆ. 2006ರ ಮಾರ್ಚ್‌ನಲ್ಲಿ ಬಿಎಸ್ಎನ್ಎಲ್ ನಿಮಿಷಕ್ಕೆ ಒಂದು ರೂಪಾಯಿಯಲ್ಲಿ ದೇಶದ ಎಲ್ಲೆಡೆಗೆ ಕರೆ ಒದಗಿಸಿದಾಗಲೇ ದೂರದ ಬೆಲೆ ಕರಗಿತು. ಈಗಿನ ಪ್ರಯೋಜನ ಬೇರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯ ಒಂದೇ ಸಂಖ್ಯೆ ಮಗ್ಗದ ಮನೆಯಲ್ಲೂ ಬೆಂಗಳೂರಿನ ಮಳಿಗೆಯಲ್ಲೂ ಒಟ್ಟಿಗೆ ರಿಂಗಣಿಸಬಲ್ಲದು. ಕರೆ ತಪ್ಪಿದರೆ ಬೇಡಿಕೆಯೂ ತಪ್ಪುವ ಹಬ್ಬದ ದಿನಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ವಿದ್ಯುತ್ತಿನ ವಿಚಾರವೊಂದು ಉಳಿಯಿತು. ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ 48 ವೋಲ್ಟ್ ಹರಿದುಬರುತ್ತಿದ್ದುದರಿಂದ ಊರು ಕತ್ತಲಾದರೂ ಅದು ಮಾತನಾಡುತ್ತಿತ್ತು. ಅಂತರಜಾಲದ ದೂರವಾಣಿಯೂ ಫೈಬರ್ ಸಂಪರ್ಕದ ಪೆಟ್ಟಿಗೆಯೂ ಅಂಗಡಿಯ ವಿದ್ಯುತ್ತನ್ನೇ ನಂಬಿವೆ. ಆದುದರಿಂದ ಸಂಪರ್ಕ ಪಡೆಯುವಾಗಲೇ ಇವೆರಡಕ್ಕೂ ಯುಪಿಎಸ್ ಹಾಕಿಸತಕ್ಕದ್ದು.